ಕ್ಯಾಸೆಟ್ಟಿಗೆ ಹಾಕಿದ ಸವಾಲು

ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರು ಹಾಕುವ ಚಟ ನನ್ನ ತಂಗಿಯ ಗಂಡನದು. ಅವನು ಕಟ್ಟಿದ ಪ್ರತಿಯೊಂದು ಕಥೆಯ ಹಾಡಿನ ಕೊನೆಯ ನುಡಿಯಲ್ಲಿ ಕಥೆಯವರ ಹೆಸರು, ಅವರ ಊರು, ಆಮೇಲೆ ತನ್ನ ಹೆಸರು, ತನ್ನ ಗುರುವಿನ ಹೆಸರು, ಇಷ್ಟೂ ಇರಲೇಬೇಕು. ಇಲ್ಲದಿದ್ದರೆ ಅದು ಹಾಡಲ್ಲ, ಕಟ್ಟೆಯ ಮೇಲಿನ ಗಾಳಿಮಾತು ಎನ್ನುತ್ತಿದ್ದ. ಹಾಗೆ ನನ್ನ ಹೆಸರನ್ನೂ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹೆಸರನ್ನೂ ಒಂದು ಕ್ಯಾಸೆಟ್ಟಿನಲ್ಲಿ ಸೇರಿಸಿ, ಪುಣೆಯಿಂದ ಸೊಲ್ಲಾಪುರದವರೆಗೆ, ಅಲ್ಲಿಂದ ಇಂಡಿ, ಸಿಂದಗಿಯವರೆಗೆ ಮಾರಾಟಕ್ಕೆ ಬಿಟ್ಟ.

ಆ ಹಾಡು ಹರಡಿದ ಮೇಲೆ ವಾರ್ಡಿಗೆ ಬಂದ ನಮ್ಮ ಕಡೆಯ ಹೆಂಗಸರು ನನ್ನ ಬಿಳಿ ಸೀರೆಗೆ ಪಿನ್ನು ಹಾಕಿದ ಗಡಿಯಾರವನ್ನು ಮೊದಲು ನೋಡುತ್ತಿದ್ದರು, ಆಮೇಲೆ ಮುಖವನ್ನು.

"ನೀವ ಏನ್ರಿ ಆ ಗಡಿಯಾರದಕ್ಕ?"

"ಹೌದು, ನಾನೇ. ಕೈ ಚಾಚು, ಸೂಜಿ ಹಾಕೂದದ," ಎನ್ನುತ್ತಿದ್ದೆ.

ನಾನು ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ಪುಣೆಯ ಒಂದೇ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಎಪ್ಪತ್ತರ ದಶಕದ ಹೊತ್ತಿಗೆ ಹೆಂಗಸರ ವಾರ್ಡಿನ ಸಿಸ್ಟರ್ ಆಗಿದ್ದೆ. ಕಲಿತದ್ದು ನರ್ಸಿಂಗ್ ಹಾಸ್ಟೆಲ್ಲಿನಲ್ಲಿ. ಅಲ್ಲಿ ಏಳಲು ಗಂಟೆ, ಸ್ನಾನಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ. ಹಾಸಿಗೆಯ ಮೂಲೆ ಸಡಿಲವಿದ್ದರೆ ಮೇಟ್ರನ್ ಇಡೀ ಹಾಸಿಗೆಯನ್ನು ಕಿತ್ತು ನೆಲಕ್ಕೆ ಹಾಕಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಮಾತಿಲ್ಲ, ಬೈಗುಳವಿಲ್ಲ. ಅದು ನನಗೆ ಹಿಡಿಸಿತು. ಹಿಡಿಸದವರು ಬಿಟ್ಟು ಹೋದರು.

ತಂದೆ ಇಂಡಿಯ ಕಡೆಯವರು, ಪುಣೆಯ ಧಾನ್ಯದ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರು ಹೋದ ಮೇಲೆ ತಂಗಿಯನ್ನು ನನ್ನ ಕ್ವಾರ್ಟರ್ಸಿಗೆ ಕರೆದುಕೊಂಡು ಬಂದೆ. ಎದುರಿಗೆ ಹೊಸ ಕಟ್ಟಡ ಏಳುತ್ತಿತ್ತು. ಗೌಂಡಿಗಳಲ್ಲಿ ಒಬ್ಬ ಸಾರವೆಯ ಮೇಲೆ ನಿಂತು ಇಟ್ಟಿಗೆ ಇಡುತ್ತಾ ಕನ್ನಡದಲ್ಲಿ ಹಾಡುತ್ತಿದ್ದ. ತಂಗಿ ಬಟ್ಟೆ ಒಣಹಾಕಲು ಹೊರಗೆ ಹೋದವಳು ಒಳಗೆ ಬರುವುದನ್ನು ಮರೆಯತೊಡಗಿದಳು. ನಾನು ಬೇಡವೆಂದೆ. ಅವಳು ಮದುವೆಯಾದಳು, ಪರ್ವತಿ ಗುಡ್ಡದ ಬುಡದಲ್ಲಿದ್ದ ಅವನ ತಗಡಿನ ಮನೆಗೆ ಹೋದಳು.

ಅವನು ಗೀಗೀ ಮೇಳದವನು. ಎಡಗೈಯಲ್ಲಿ ದಪ್ಪು ಹಿಡಿದು ಮುಂದೆ ನಿಂತು ಹಾಡುವವನು ಅವನು. ಹಿಂದೆ ಇಬ್ಬರು, ಒಬ್ಬನ ಕೈಯಲ್ಲಿ ಒಂಟಿ ತಂತಿಯ ತುಂತುಣಿ, ಇನ್ನೊಬ್ಬನ ಕೈಯಲ್ಲಿ ತಾಳ. ಪ್ರತಿ ನುಡಿ ಮುಗಿದಾಗ ಅವರು "ಗೀ ಗೀ" ಎಂದು ಸೊಲ್ಲು ಎತ್ತುತ್ತಾರೆ. ಉಳಿದ ಮೇಳದವರು ಗುರುಗಳ ಹಳೆಯ ಪದ ಹಾಡಿದರೆ ಇವನು ತಾನೇ ಕಟ್ಟುತ್ತಿದ್ದ. ಸಾರವೆಯಿಂದ ಬಿದ್ದ ಗೌಂಡಿಯ ಕಥೆ, ದೌಂಡ್ ಸ್ಟೇಷನ್ನಿನಲ್ಲಿ ತಪ್ಪು ಗಾಡಿ ಹತ್ತಿದ ಮದುಮಗಳ ಕಥೆ. ಚೆನ್ನಾಗಿ ಕಟ್ಟುತ್ತಿದ್ದ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಗೋಡೆಯನ್ನೂ ಚೆನ್ನಾಗಿಯೇ ಕಟ್ಟುತ್ತಿದ್ದನಂತೆ.

ಈ ಹಾಡಿಕೆಯಲ್ಲಿ ಒಂದು ಕಟ್ಟಳೆಯಿದೆ. ನನಗೆ ಅದರಲ್ಲಿ ಗೌರವವಿರುವುದು ಅದೊಂದಕ್ಕೇ. ಒಂದು ಮೇಳ ಹಾಡುವಾಗ ಎದುರು ಮೇಳ ಸವಾಲು ಹಾಕುತ್ತದೆ. ಸವಾಲಿಗೆ ಜವಾಬು ಕೊಡದೆ ಮುಂದಿನ ನುಡಿ ಹಾಡುವಂತಿಲ್ಲ. ಜವಾಬು ಸರಿಯೆನಿಸಿದರೆ ಸವಾಲು ಹಾಕಿದವರು ತಾವೂ ಸೊಲ್ಲಿಗೆ ದನಿ ಕೂಡಿಸಬೇಕು. ದನಿ ಕೂಡಿಸದಿದ್ದರೆ ಸವಾಲು ಇನ್ನೂ ನಿಂತಿದೆ ಎಂದು ಅರ್ಥ. ಜವಾಬು ತೋಚದವನು ದಪ್ಪನ್ನು ನೆಲಕ್ಕಿಡಬೇಕು. ನಮ್ಮೂರಿನಲ್ಲಿ ಎದುರು ಮೇಳ ಇಲ್ಲದಿದ್ದರೆ ಕೂತ ಜನರಲ್ಲೇ ಯಾರಾದರೂ ಎದ್ದು ಕೇಳಬಹುದಿತ್ತು. ತಂದೆ ಏಳುತ್ತಿದ್ದರು. ಒಮ್ಮೆ ಜವಾಬು ಒಪ್ಪಿಗೆಯಾಗದೆ ಅವರು ತುಟಿ ಬಿಗಿದು ನಿಂತಿದ್ದು, ಇಡೀ ಜನ ಅವರ ಬಾಯಿಯನ್ನೇ ನೋಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ತಂಗಿಗೆ ಕಾಮಾಲೆಯಾಯಿತು. ಅವನು ಯಾರೋ ಕೊಟ್ಟ ಸೊಪ್ಪಿನ ರಸ ಕುಡಿಸುತ್ತಾ ಕೂತು, ಕಣ್ಣು ಅರಿಸಿನದ ಹಾಗಾದ ಮೇಲೆ ಕರೆತಂದ. ನನ್ನ ವಾರ್ಡಿನಲ್ಲೇ, ನನ್ನ ಮೇಜಿಗೆ ಕಾಣುವ ಮಂಚದಲ್ಲೇ ಮಲಗಿಸಿದೆ. ಮೊದಲ ದಿನ ಬಂದು ಕೂತ. ಮರುದಿನ ವಾರ್ಡಿನ ಹೊರಗೆ ನನ್ನನ್ನು ತಡೆದ.

"ಅಕ್ಕಾರ, ಜೇಜುರಿಗೆ ಹೋಗಬೇಕಾಗ್ಯದ. ಮೂರು ದಿವಸ ಹಾಡಿಕಿ ಅದ. ಎದುರು ಮೇಳ ಜತ್ತದ ಕಡೆಯಿಂದ ಬರತದ."

"ಇಲ್ಲೆ ಹೆಂಡತಿ ಮಲಗ್ಯಾಳ."

"ವೀಳ್ಯ ಹಿಡದೀನ್ರಿ. ಬಿಡಾಕ ಬರೂದಿಲ್ಲ."

ಹಾಡಲು ಒಪ್ಪಿ ವೀಳ್ಯದೆಲೆ ಕೈಯಲ್ಲಿ ಹಿಡಿದ ಮೇಲೆ ಹೋಗದ ಮೇಳವನ್ನು ಮುಂದೆ ಯಾರೂ ಕರೆಯುವುದಿಲ್ಲ. ಅದು ನನಗೂ ಗೊತ್ತಿತ್ತು.

"ವಾಪಸ್ ಕೊಡು."

"ನಿಮಗ ಡ್ಯೂಟಿ ಬಿಟ್ಟ ಬರ್ರಿ ಅಂದ್ರ ಬರತೀರೇನು?"

"ನಾ ಡ್ಯೂಟಿ ಮಾಡೂದು ಇಲ್ಲೇ, ಆಕಿ ಕಣ್ಣ ಮುಂದ. ನೀ ಹಾಡೂದು ಎಲ್ಲೆ?"

ಅವನು ಹೋದ. ನಮ್ಮಲ್ಲಿ ನೋಡಲು ಬರುವವರಿಗೆ ಸಂಜೆ ನಾಲ್ಕರಿಂದ ಆರು. ನಾಲ್ಕರ ಗಂಟೆ ಹೊಡೆದ ಕೂಡಲೇ ತಂಗಿ ಆಯಾಳನ್ನು ಕರೆದು ದಿಂಬು ಎತ್ತರಿಸಿಕೊಂಡು ಬಾಗಿಲ ಕಡೆ ತಿರುಗುತ್ತಿದ್ದಳು. ಬೇರೆಯವರ ಗಂಡಂದಿರು ಹಾಲಿನ ಡಬ್ಬಿ, ಮೋಸಂಬಿ ಹಿಡಿದು ಬರುತ್ತಿದ್ದರು. ಪಕ್ಕದ ಮಂಚದವಳ ಗಂಡ ರೈಲ್ವೆಯಲ್ಲಿ ಹಮಾಲ, ಮೂಟೆ ಹೊತ್ತ ಕೆಂಪು ಅಂಗಿಯಲ್ಲೇ ಓಡಿ ಬರುತ್ತಿದ್ದ. ಆರಕ್ಕೆ ಮತ್ತೆ ಗಂಟೆ. ನಾನೇ ಹೋಗಿ ಜಾಲರಿ ಬಾಗಿಲು ಎಳೆಯುತ್ತಿದ್ದೆ. ಅವನು ಹೋದ ಎರಡನೆಯ ದಿನವೂ ಅವಳು ದಿಂಬು ಎತ್ತಿಸಿಕೊಂಡಳು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಎಚ್ಚರ ತಪ್ಪಿತು.

ಅವನು ಬಂದದ್ದು ಅಂದು ಸಂಜೆ, ಆರು ದಾಟಿದ ಮೇಲೆ. ಮೈ ತುಂಬ ಜೇಜುರಿಯ ಮೈಲಾರಲಿಂಗನ ಭಂಡಾರದ ಅರಿಸಿನ, ಹೆಗಲಿಗೆ ದಪ್ಪು. ಜಾಲರಿ ಹಾಕಿಯಾಗಿತ್ತು.

"ಅಕ್ಕಾರ, ಬಾಗಲ ತೆಗೀರಿ."

"ಹೊತ್ತು ಮುಗೀತು. ನಾಳೆ ನಾಲ್ಕಕ್ಕ ಬಾ."

"ಒಂದ ಸಲ ನೋಡಿ ಹೋಗತೀನಿ."

"ಎಲ್ಲಾರಿಗೂ ಒಂದ ಸಲಾನೇ ನೋಡೂದಿರತದ. ನಾಳೆ ಬಾ."

ವಾರ್ಡಿನಲ್ಲಿ ಸಾಲು ಮಂಚಗಳಲ್ಲಿ ಹೆಂಗಸರು ಮಲಗಿದ್ದರು. ಅವರ ಗಂಡಂದಿರನ್ನು, ಮಕ್ಕಳನ್ನು ನಾನೇ ಆರಕ್ಕೆ ಹೊರಗೆ ಕಳಿಸಿದ್ದೆ. ನನ್ನ ತಂಗಿಯ ಗಂಡನೆಂದು ಬಾಗಿಲು ತೆಗೆಯುವುದಾದರೆ ಆ ಹಮಾಲನಿಗೆ ಏನು ಹೇಳಬೇಕಿತ್ತು? ಅವನು ಜಾಲರಿ ಹಿಡಿದು ಅಲುಗಾಡಿಸಿದ, ಏನೇನೋ ಅಂದ, ಕಾವಲುಗಾರ ಬಂದು ಕರೆದೊಯ್ದ. ಬೆಳಗಾಗುವ ಮೊದಲು ತಂಗಿ ತೀರಿಕೊಂಡಳು. ಜಾಲರಿಯ ಕಂಬಿಗಳಿಗೆ ಹತ್ತಿದ್ದ ಅರಿಸಿನವನ್ನು ಆಯಾ ಒದ್ದೆ ಬಟ್ಟೆಯಿಂದ ಒರೆಸಿದಳು. ಇದರಲ್ಲಿ ನಾನು ತಿದ್ದಿ ಹೇಳುವಂಥದ್ದು ಏನೂ ಇಲ್ಲ. ಅದೇ ಬಾಗಿಲು ಇಂದು ನನ್ನ ಕೈಗೆ ಬಂದರೂ ಅಷ್ಟೇ ಹೊತ್ತಿಗೆ ಎಳೆಯುತ್ತೇನೆ.

ಅವರ ಮಗಳು ಆಗ ಇನ್ನೂ ಶಾಲೆಗೆ ಹೋಗುವ ವಯಸ್ಸಲ್ಲ. ಅವಳನ್ನು ನಾನು ಕರೆತಂದೆ. ಅವನು ಎದುರಾಡಲಿಲ್ಲ. ಊರೂರು ಹಾಡುವವನಿಗೆ ಅದೇ ಅನುಕೂಲ. ಕೆಲವು ಭಾನುವಾರ ಭಡಂಗ ಎಂಬ ಖಾರ ಚುರುಮುರಿಯ ಪೊಟ್ಟಣ ಹಿಡಿದು ಬರುತ್ತಿದ್ದ, ಹೊರಗಿನ ಮೆಟ್ಟಿಲ ಮೇಲೆ ಕೂತು ಮಗಳ ಜೊತೆ ಮಾತಾಡುತ್ತಿದ್ದ. ನಾನು ಒಳಗೆ ಕರೆಯುತ್ತಿರಲಿಲ್ಲ, ಅವನೂ ಬರುತ್ತಿರಲಿಲ್ಲ.

ಹುಡುಗಿಯನ್ನು ನಾನು ಬೆಳೆಸಿದ್ದು ನಾನು ಬೆಳೆದ ಹಾಗೆ. ಬೆಳಗ್ಗೆ ಹಾಸಿಗೆ ಮಡಿಸಿ, ಜಡೆ ಹಾಕಿಕೊಂಡು, ಹಾಲು ಕುಡಿದು, ಹಿಂದಿನ ದಿನದ ಪಾಠ ಒಪ್ಪಿಸಿ ಶಾಲೆಗೆ. ಹೊರಗೆ ಮರಾಠಿ, ಮನೆಯಲ್ಲಿ ಕನ್ನಡ. ಕೈ ಚುರುಕು, ಗಾಯ ನೋಡಿದರೆ ಹೆದರುತ್ತಿರಲಿಲ್ಲ. ಪಾತ್ರೆ ತೊಳೆಯುವಾಗ ಮಾತ್ರ ತಟ್ಟೆಯ ಅಂಚಿಗೆ ಬೆರಳು ಬಡಿದು ಏನಾದರೂ ಗುನುಗುತ್ತಿದ್ದಳು. "ಪಾತ್ರಿ ತೊಳೀ ಬೇಕಂದ್ರ ತೊಳಿ, ಬಾರಸಬೇಕಂದ್ರ ನಿಮ್ಮಪ್ಪನ ಕಡೆ ಹೋಗು," ಎನ್ನುತ್ತಿದ್ದೆ. ಅವಳು ನಿಲ್ಲಿಸುತ್ತಿದ್ದಳು. ಹತ್ತನೆಯ ತರಗತಿ ಆದ ಮೇಲೆ ಅವಳನ್ನು ನಾನು ಕಲಿತ ಹಾಸ್ಟೆಲ್ಲಿಗೇ ಹಾಕುವುದೆಂದು ತೀರ್ಮಾನಿಸಿದ್ದೆ. ಬಿಳಿ ಸೀರೆಯ ಬಟ್ಟೆಯನ್ನು ಕೂಡ ತೆಗೆದಿಟ್ಟಿದ್ದೆ. ಅವಳಲ್ಲದೆ ನನಗೆ ಬೇರೆ ಯಾರೂ ಇರಲಿಲ್ಲ.

ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟಿನ ಹಾವಳಿ ಶುರುವಾಯಿತು. ಚಹಾದ ಅಂಗಡಿ, ಪಾನಪಟ್ಟಿಯ ಗೂಡು, ರಿಕ್ಷಾ, ಎಲ್ಲಿ ನೋಡಿದರೂ ಅದೇ ಕಿರುಚಾಟ. ಹುಡುಗಿ ಹತ್ತನೆಯ ತರಗತಿಯಲ್ಲಿದ್ದಾಗ ಒಂದು ಭಾನುವಾರ ಅವನು ಬಂದ. ಅಂದು ಮೆಟ್ಟಿಲ ಮೇಲೆ ಕೂರಲಿಲ್ಲ, ನೇರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅಕ್ಕಾರ, ನನ್ನ ಕ್ಯಾಸೆಟ್ ಬರತದ. ಎಲ್ಲಾ ನಾನ ಕಟ್ಟಿದ ಕಥಿ."

"ಬರಲಿ."

"ಸೊಲ್ಲಿಗೆ ಹೆಣ್ಣುದನಿ ಬೇಕಾಗ್ಯದ. ಮಗಳನ್ನ ಕಳಸ್ರಿ."

"ಆಕಿಗೆ ಪರೀಕ್ಷಾ ಅದ."

"ಆಕಿ ಅವ್ವನ ಕಥೀನೂ ಅದರಾಗ ಅದ."

ನಾನು ಒಲೆ ಆರಿಸಿದೆ. "ಅದರಾಗ ನಾ ಇದ್ದೀನೇನು?"

"ಕಥಿಯೊಳಗ ಬಾಗಲ ಬಂದ ಮ್ಯಾಲ ಬಾಗಲ ಹಾಕಿದಾಕಿ ಬರಬೇಕಲ್ರಿ."

"ಬಾಗಲ ತೆಗೆದಿದ್ದ ದಿನ ಅದರಾಗ ಬರತಾವೇನು?"

ಅವನು ನಕ್ಕ. "ಸವಾಲು ಹಾಕೂದಿದ್ರ ಮೇಳದಾಗ ಬಂದು ಹಾಕ್ರಿ ಸಿಸ್ಟರ್ ಬಾಯಿ. ಅಡಗಿಮನ್ಯಾಗ ಎಲ್ಲಾರೂ ಶೂರರಽ."

ಹುಡುಗಿ ಒಳಕೋಣೆಯ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಅವನು ಹೋದ ಮೇಲೆ ಕೇಳಿದಳು: "ಯಾವ ಬಾಗಲ, ದೊಡ್ಡವ್ವ?"

"ಓದು ಹೋಗು," ಎಂದೆ. ತಾಯಿಗೆ ಕಾಮಾಲೆಯಾಗಿತ್ತು ಎನ್ನುವುದಷ್ಟೇ ಅವಳಿಗೆ ಗೊತ್ತಿತ್ತು. ರೋಗದ ಹೆಸರು ಗೊತ್ತಿದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ವಾರದ ರಜೆಯ ದಿನ ಕ್ಯಾಸೆಟ್ ಮಾಡುವವನನ್ನು ಹುಡುಕಿಕೊಂಡು ಸದಾಶಿವ ಪೇಠೆಗೆ ಹೋದೆ. ಹಳೆಯ ವಾಡೆಯ ಮೇಲಿನ ಒಂದು ಕೋಣೆ, ಗೋಡೆಗೆಲ್ಲ ಕೌದಿ ನೇತುಹಾಕಿದ್ದ. ಮಾಡಿನಲ್ಲಿ ಪಾರಿವಾಳಗಳು. ಅವು ಸುಮ್ಮನಾದಾಗ ಮಾತ್ರ ರೆಕಾರ್ಡಿಂಗ್ ನಡೆಯುತ್ತಿತ್ತಂತೆ. ಆ ಹಾಡಿನಲ್ಲಿರುವುದು ಅರ್ಧ ಕಥೆ, ಅದನ್ನು ತೆಗೆಯಿರಿ ಎಂದು ಮರಾಠಿಯಲ್ಲಿ ಹೇಳಿದೆ.

"ಬಾಯಿ, ಮಲಾ ಕಾನಡೀ ಕಳತ ನಾಹೀ," ಎಂದ ಅವನು. ಕನ್ನಡ ತಿಳಿಯುವುದಿಲ್ಲವೆಂದು ಕೈಯಾಡಿಸಿದ. ಆದರೆ ಅದನ್ನು ಒಂದು ಸಲ ಕೆಲಸದ ಜಾಗದಲ್ಲಿ ಹಾಕಿ ಕೇಳಿಸಿದ್ದನಂತೆ. ಮಣ್ಣು ಹೊರುವ ಹೆಂಗಸರು ಬುಟ್ಟಿ ಇಳಿಸಿ ನಿಂತರಂತೆ. "ರಡತಾತ, ಬಾಯಿ, ರಡತಾತ!" ಅಳುತ್ತಾರೆ, ಅಳುತ್ತಾರೆ ಎಂದು ಸಂತೋಷದಿಂದ ಹೇಳಿದ. ಅದನ್ನೇ ಮೊದಲ ಹಾಡು ಮಾಡಿದ್ದೇನೆ ಎಂದ.

ಮೆಟ್ಟಿಲಿಳಿಯುವಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಬಯಲಿನಲ್ಲಿ ಹಾಡಿದರೆ ಎದುರು ನಿಲ್ಲಬಹುದು. ತಡೆಯಬಹುದು, ಕೇಳಬಹುದು. ಕ್ಯಾಸೆಟ್ಟಿಗೆ ಎದುರು ಮೇಳವಿಲ್ಲ. ಅದು ಹೇಳಿದ್ದನ್ನೇ ಹೇಳುತ್ತದೆ, ಎಲ್ಲಿ ಒಯ್ದರೂ ಹೇಳುತ್ತದೆ. ಗೀಗೀ ಪದದಲ್ಲಿ ಇದ್ದ ಒಂದೇ ಒಂದು ಒಳ್ಳೆಯ ಕಟ್ಟಳೆಯನ್ನು ತೆಗೆದುಹಾಕಿ ಉಳಿದದ್ದನ್ನು ಡಬ್ಬಿಯಲ್ಲಿ ತುಂಬಿ ಮಾರುವ ಉಪಾಯ ಅದು. ಅವನಿಗೆ ಹಾಡುವುದು ಮಾತ್ರ ಬೇಕಿತ್ತು.

ಬಿಡುಗಡೆ ಒಂದು ಭಾನುವಾರ ಮಧ್ಯಾಹ್ನ, ಪರ್ವತಿ ಬುಡದ ವಸತಿಯ ಬಯಲಿನಲ್ಲಿ. ಹುಡುಗಿಯ ಪರೀಕ್ಷೆ ಆಗ ಹತ್ತಿರವಿತ್ತು. "ನಾನೂ ಬರತೀನಿ," ಎಂದಳು. ಬೇಡವೆಂದರೆ ಒಬ್ಬಳೇ ಹೋಗುತ್ತಿದ್ದಳು, ಕರೆದುಕೊಂಡು ಹೋದೆ. ಬೆಳಗಿನ ಡ್ಯೂಟಿ ಮುಗಿಸಿ ಬಿಳಿ ಸೀರೆಯಲ್ಲೇ ಹೋಗಿದ್ದೆ. ಜನ ದಾರಿ ಬಿಟ್ಟರು. ಕೆಲಸದ ಜಾಗದಲ್ಲಿ ಆಗಲೇ ಆ ಹಾಡು ಕೇಳಿದ್ದ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು.

"ಬಂದಳ ನೋಡ, ಗಡಿಯಾರ."

"ಹೊತ್ತಿಗೆ ಸರಿಯಾಗಿ ಬಂದಾಳವ್ವ."

ವಸತಿಯ ಹಿರಿಯನೊಬ್ಬ ಮೈಲಾರಲಿಂಗನ ಪಟದ ಮುಂದೆ ಕಾಯಿ ಒಡೆದ. ಕೆಂಪು ಕಾಗದ ಸುತ್ತಿದ ಡಬ್ಬಿ ಬಿಚ್ಚಿ ಒಂದು ಕ್ಯಾಸೆಟ್ಟನ್ನು ಎತ್ತಿ ನಾಲ್ಕೂ ಕಡೆ ತೋರಿಸಿದ. ಸದಾಶಿವ ಪೇಠೆಯವನು ಒಂದು ದೊಡ್ಡ ಟೇಪ್ ರೆಕಾರ್ಡರನ್ನು ಮೇಜಿನ ಮೇಲಿಟ್ಟು ಕೂತಿದ್ದ. ಆಮೇಲೆ ಮೇಳ ನಿಂತಿತು. ನನ್ನ ತಂಗಿಯ ಗಂಡ ಹಳದಿ ರುಮಾಲು ಸುತ್ತಿಕೊಂಡು ದಪ್ಪಿಗೆ ಬಿಸಿ ತೋರಿಸಿ ಮುಂದೆ ಬಂದ. ನನ್ನನ್ನು ನೋಡಿದ. ನೋಡಿಯೇ ಆ ಹಾಡನ್ನು ಎತ್ತಿಕೊಂಡ.

ಕಥೆಯನ್ನು ಅವನು ಸಾವಕಾಶವಾಗಿ ಬಿಚ್ಚಿದ. ಸಾರವೆಯ ಮೇಲಿನ ಹಾಡು, ಬಟ್ಟೆ ಒಣಹಾಕುವ ಹುಡುಗಿ, ತಗಡಿನ ಮನೆಯ ಸಂಸಾರ. ಆಮೇಲೆ ರೋಗ. ಅಲ್ಲಿಂದ ಒಂದೇ ಜಿಗಿತಕ್ಕೆ ಕೊನೆಯ ಸಂಜೆಗೆ ಬಂದ.

*ಸಂಜಿ ಆರು ಹೊಡದಾವ, ಕಬ್ಬಿಣ ಬಾಗಲ ಜಡದಾವ,*
*ಗಡಿಯಾರ ಹೊತ್ತ ಅಕ್ಕಗ ಕರುಳೆಲ್ಲಿ ಇತ್ತವ್ವ.*

ಸೊಲ್ಲು ಎದ್ದಿತು. ಹೆಂಗಸರು ಸೆರಗು ಬಾಯಿಗೆ ಒತ್ತಿದರು. ನನ್ನ ಪಕ್ಕದಲ್ಲಿದ್ದ ಹುಡುಗಿ ನನ್ನ ಎದೆಯ ಮೇಲಿನ ಗಡಿಯಾರವನ್ನು ನೋಡುತ್ತಿದ್ದಳು. ನಾನು ಎದ್ದು ನಿಂತೆ.

"ಸವಾಲು ಅದ."

ತಾಳದವನು ಕೈ ತಡೆದ. ಹಿಂದಿನಿಂದ ಯಾರೋ ಕೂಗಿದರು, "ಕುಂದರ್ರಿ ಬಾಯಿ! ಇದು ದವಾಖಾನಿ ಅಲ್ಲ!" ಇನ್ನೊಬ್ಬ ಮುದುಕ, "ಏ ತಡಿಯಪಾ, ಸವಾಲು ಅಂದ್ರ ಸವಾಲು. ಕೇಳಲಿ," ಎಂದ.

ನನಗೆ ಹಾಡಲು ಬರುವುದಿಲ್ಲ. ವಾರ್ಡಿನಲ್ಲಿ ಮಾತಾಡುವ ಹಾಗೆ ಕೇಳಿದೆ. "ಆರಕ್ಕ ಬಾಗಲ ಹಾಕಿದ್ದು ನಿನ್ನ ಹಾಡಿನಾಗ ಬಂತು. ಅದರ ಹಿಂದಿನ ದಿನ ನಾಲ್ಕಕ್ಕ ತೆಗೀತು. ಅದರ ಹಿಂದಿನ ದಿನಾನೂ ತೆಗೀತು. ಆಕಿ ದಿಂಬು ಎತ್ತಿಸಿಕೊಂಡು ಬಾಗಲ ನೋಡಿದಳು. ಆವಾಗ ನೀ ಎಲ್ಲಿದ್ದಿ?"

ಜವಾಬು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ವೀಳ್ಯ ಹಿಡಿದಿದ್ದೆ, ಜೇಜುರಿಯಲ್ಲಿ ಹಾಡುತ್ತಿದ್ದೆ ಎನ್ನಬೇಕಿತ್ತು. ಅಷ್ಟು ಅಂದಿದ್ದರೆ ನಾನು ಕೂತುಕೊಳ್ಳುತ್ತಿದ್ದೆ. ಅವನು ಬಾಯಿ ತೆರೆದ. ಆಮೇಲೆ ನನ್ನ ಪಕ್ಕದಲ್ಲಿದ್ದ ಮಗಳನ್ನು ನೋಡಿದ, ಬಾಯಿ ಮುಚ್ಚಿದ. ಮುದುಕ ಎರಡು ಸಲ, "ಜವಾಬು ಕೊಡಪಾ," ಎಂದ. ಅವನು ಬಗ್ಗಿ ದಪ್ಪನ್ನು ನೆಲದ ಮೇಲಿಟ್ಟ. ಆ ಒಂದು ನಿಯಮವನ್ನು ಅವನು ಪಾಲಿಸಿದ, ಅದನ್ನು ಬರೆಯದಿದ್ದರೆ ಅನ್ಯಾಯವಾದೀತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸದಾಶಿವ ಪೇಠೆಯವನಿಗೆ ಕನ್ನಡವೂ ಗೊತ್ತಿರಲಿಲ್ಲ, ಕಟ್ಟಳೆಯೂ ಗೊತ್ತಿರಲಿಲ್ಲ. ಹಾಡು ನಿಂತಿತು, ಜನ ಸಪ್ಪಗಾದರು, ವ್ಯಾಪಾರ ಕೆಡುತ್ತದೆ ಎಂದುಕೊಂಡನೋ ಏನೋ, ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ. ಅದೇ ಹಾಡು. ದಪ್ಪು ನೆಲದ ಮೇಲಿದ್ದರೂ ದಪ್ಪಿನ ಪೆಟ್ಟು ಕೇಳಿಸಿತು. ಅವನು ತಲೆ ತಗ್ಗಿಸಿ ನಿಂತಿದ್ದರೂ ಅವನ ದನಿ ನನ್ನ ಹೆಸರು ಹಿಡಿದು ಕೂಗುತ್ತಿತ್ತು. ಸವಾಲು ಹಾಕಿ ನಿಲ್ಲಿಸಿದ ನುಡಿಯನ್ನು ದಾಟಿ ಮುಂದಿನ ನುಡಿಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಜನರಲ್ಲಿ ಕೆಲವರು ನಕ್ಕರು. ಹೆಂಗಸರು ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ನಿಂತೇ ಇದ್ದೆ. ಯಾರನ್ನು ಕೇಳುವುದು?

ಹುಡುಗಿ ಎದ್ದು ಹೋಗಿ ಗುಂಡಿ ಒತ್ತಿ ನಿಲ್ಲಿಸಿದಳು. ಸದಾಶಿವ ಪೇಠೆಯವನು "ಏ ಪೋರೀ!" ಎಂದು ಗದರಿದ. ಅವಳು ತಿರುಗಿ ನೋಡಲಿಲ್ಲ. ನೆಲದ ಮೇಲಿದ್ದ ದಪ್ಪನ್ನು ಎತ್ತಿ, ಮಣ್ಣು ಒರೆಸಿ ತಂದೆಯ ಕೈಗೆ ಕೊಟ್ಟು ನನ್ನ ಹತ್ತಿರ ಬಂದಳು. "ನಡೀ ದೊಡ್ಡವ್ವ," ಎಂದಳು.

ಮನೆಗೆ ಬಂದು ಕೈಕಾಲು ತೊಳೆದುಕೊಂಡ ಮೇಲೆ ಮತ್ತೆ ಅದೇ ಪ್ರಶ್ನೆ ಕೇಳಿದಳು, ಯಾವ ಬಾಗಿಲು ಎಂದು. ಈ ಸಲ ಹೇಳಿದೆ. ಮೊದಲಿನಿಂದ, ಕ್ರಮವಾಗಿ, ನಾನು ಇಲ್ಲಿ ಬರೆದ ಹಾಗೆಯೇ.

"ಅಪ್ಪ ಬಂದಾಗ ಅವ್ವ ಇದ್ದಳೇನು?"

"ಉಸಿರಿತ್ತು. ಎಚ್ಚರಿರಲಿಲ್ಲ."

"ಮತ್ತ?"

"ಆರು ದಾಟಿತ್ತು."

ಅವಳು ಎದ್ದು ಪುಸ್ತಕ ತೆಗೆದಳು. ಪರೀಕ್ಷೆ ಬರೆದಳು, ಪಾಸಾದಳು. ಹಾಸ್ಟೆಲ್ಲಿನ ಅರ್ಜಿ ತಂದು ಮೇಜಿನ ಮೇಲಿಟ್ಟೆ. ಮರುದಿನ ಬೆಳಗ್ಗೆ ಅವಳು ಹಾಸಿಗೆ ಮಡಿಸಿ, ಮೂಲೆಗಳನ್ನು ನಾನು ಕಲಿಸಿದ ಹಾಗೆ ಬಿಗಿದು, ಬಟ್ಟೆಯ ಚೀಲ ಹಿಡಿದು ನಿಂತಳು.

"ಅಪ್ಪನ ಮೇಳಕ್ಕ ಹೋಗತೀನಿ."

"ಅವ ಜವಾಬು ಕೊಡಲಿಲ್ಲ. ನೀನ ನೋಡಿದಿ."

"ಅದ್ಕಽ ಹೋಗತೀನಿ. ಎದುರ ನಿಂತು ನಾ ಕೇಳತೀನಿ."

"ಕೇಳೂದು ನಾ ಕೇಳೀನಲ್ಲ!"

"ನೀ ಒಂದ ಸಲ ಕೇಳಿದಿ, ದೊಡ್ಡವ್ವ. ನಾ ಅವ ಹೇಳೂತನಕ ಕೇಳತೀನಿ."

"ಅವ ಹಾಡು ಕಟ್ಟತಾನ, ಜವಾಬು ಕಟ್ಟಾಂಗಿಲ್ಲ. ನಿನ್ನ ಜನ್ಮ ತಾಳ ಕುಟ್ಟೂದರಾಗ ಹೋಗತದ."

"ಹೋಗಲಿ," ಎಂದಳು. ಬಾಗಿಲನ್ನು ಅವಳೇ ಎಳೆದುಕೊಂಡು ಹೋದಳು. ನಾನು ಡ್ಯೂಟಿಗೆ ಹೊರಡುವ ಹೊತ್ತಾಗಿತ್ತು. ಹೊರಟೆ.

ಅದಾದ ಮೇಲೆ ಸುದ್ದಿ ಬರುತ್ತಿತ್ತು, ಬೇಡವೆಂದರೂ ಬರುತ್ತಿತ್ತು. ತಂದೆ ಹಾಡುತ್ತಾನಂತೆ, ಮಗಳು ಎದುರು ನಿಂತು ಸವಾಲು ಹಾಕುತ್ತಾಳಂತೆ. ಜನ ಅದನ್ನು ನೋಡಲೆಂದೇ ಬರುತ್ತಾರಂತೆ. ವಾರ್ಡಿನಲ್ಲಿ ಒಬ್ಬ ಮುದುಕಿ ಗ್ಲೂಕೋಸ್ ಏರಿಸಿಕೊಳ್ಳುತ್ತಾ ಮಲಗಿದ್ದವಳು ನನಗೇ ಹೇಳಿದಳು: "ಆ ಹುಡುಗಿ ಕೇಳೂದು ಕೇಳಬೇಕ್ರಿ ಸಿಸ್ಟರ್. ಅಪ್ಪನ ಮಾರಿ ಇಷ್ಟಾಗತದ."

"ಜವಾಬು ಏನು ಕೊಡತಾನ?"

"ಒಂದೊಂದ ಸಲ ಒಂದೊಂದು."

ಕೇಳಿ ನನಗೆ ಸಮಾಧಾನವಾಯಿತು ಎಂದು ಯಾರೂ ತಿಳಿಯಬೇಕಾಗಿಲ್ಲ. ಹುಡುಗಿಯನ್ನು ನನ್ನಿಂದ ಒಯ್ದದ್ದಲ್ಲದೆ ನನ್ನ ಸವಾಲನ್ನೂ ಒಯ್ದಿದ್ದರು. ಅದನ್ನು ಊರೂರು ಹೊತ್ತು ಚಪ್ಪಾಳೆ ಗಿಟ್ಟಿಸುತ್ತಿದ್ದರು. ಅವಳು ಪತ್ರ ಹಾಕುತ್ತಿದ್ದಳು, ಆರೋಗ್ಯ ಕೇಳುತ್ತಿದ್ದಳು. ಆರೋಗ್ಯದ ಬಗ್ಗೆ ಉತ್ತರ ಬರೆಯುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಸೊಲ್ಲಾಪುರದಲ್ಲಿ ನನ್ನ ಜೊತೆ ಕಲಿತವಳೊಬ್ಬಳ ಮಗಳ ಮದುವೆಗೆ ಹೋಗಿದ್ದೆ. ಹಿಂದಿರುಗುವಾಗ ಎಸ್.ಟಿ. ಬಸ್ಸು ಇಂದಾಪುರದ ನಿಲ್ದಾಣದಲ್ಲಿ ನಿಂತಿತು. ಮಧ್ಯಾಹ್ನದ ಬಿಸಿಲು. ಕಬ್ಬಿನ ಹಾಲಿನ ಅಂಗಡಿಯ ನೆರಳಿಗೆ ಹೋಗಿ ನಿಂತೆ. ಗಾಣಕ್ಕೆ ಕಟ್ಟಿದ ಗೆಜ್ಜೆಯ ಸದ್ದಿನ ನಡುವೆ ಅಂಗಡಿಯ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ದಪ್ಪಿನ ಪೆಟ್ಟಿನಿಂದಲೇ ಗುರುತು ಹತ್ತಿತು. ಅದು ಹೊಸ ಕ್ಯಾಸೆಟ್ಟು. ಅವನ ದನಿ ಒಡೆದಿತ್ತು. ಆಮೇಲೆ ಒಂದು ಹೆಣ್ಣುದನಿ ಎದ್ದಿತು. ಪಾತ್ರೆ ತೊಳೆಯುವಾಗ ನಾನು ನಿಲ್ಲಿಸುತ್ತಿದ್ದ ದನಿ.

*ನಾಕರಿಂದ ಆರರ ಮಟ ತೆರದಿತ್ತ ಬಾಗಲ,*
*ಮಡದಿ ಹಾದಿ ನೋಡುವಾಗ ನೀ ಇದ್ದೆಲ್ಲಿ ಹೇಳ.*

ನನ್ನ ಸವಾಲಿಗೆ ಅವಳು ಪ್ರಾಸ ಹಾಕಿದ್ದಳು. ಸರಿಯಾಗಿಯೇ ಹಾಕಿದ್ದಳು. ನಾನು ಲೋಟ ಕೆಳಗಿಟ್ಟೆ. ಅವನು ಜವಾಬು ಎತ್ತಿದ.

*ಜೇಜುರಿ ಮೆಟ್ಟಲ ಮ್ಯಾಲ ಭಂಡಾರ ತೂರತಿದ್ದೆ,*
*ಮಡದಿ ಜೀವ ಉಳೀಲೆಂದು ಹರಕಿ ತೀರಸತಿದ್ದೆ.*

ಹರಕೆಯಂತೆ! ವೀಳ್ಯ ಹಿಡಿದಿದ್ದೇನೆ, ಜತ್ತದ ಮೇಳ ಬರುತ್ತದೆ ಎಂದು ನನ್ನ ಮುಂದೆ ನಿಂತು ಹೇಳಿದವನು ಅವನು. ಹರಕೆಯ ಮಾತು ಅಂದು ಅವನ ಬಾಯಿಯಿಂದ ಬಂದಿರಲಿಲ್ಲ. "ಸುಳ್ಳು," ಎಂದೆ. ಗಾಣ ತಿರುಗಿಸುತ್ತಿದ್ದವನು ಹಾಲಿಗೆ ಹೇಳಿದೆನೆಂದು ತಿಳಿದು, "ಕಾಯ ಝಾಲಂ, ಬಾಯಿ?" ಏನಾಯಿತು ಎಂದು ಮುಖ ಗಂಟಿಕ್ಕಿದ. ನಾನು ಕೈ ಎತ್ತಿ ಅವನನ್ನು ಸುಮ್ಮನಿರಿಸಿದೆ. ಸೊಲ್ಲು ಬರುವುದಿತ್ತು.

ಜವಾಬು ಒಪ್ಪಿದರೆ ಸವಾಲು ಹಾಕಿದವರು ದನಿ ಕೂಡಿಸಬೇಕು. ಅದು ಅವಳಿಗೆ ಗೊತ್ತಿಲ್ಲದೆ ಇರಲಾರದು. ಕಂಡಕ್ಟರ್ ಸೀಟಿ ಊದಿದ. ಜನ ಓಡಿದರು. ನಾನು ಬಸ್ಸು ತಪ್ಪಿಸಿಕೊಂಡವಳಲ್ಲ, ಅಂದೂ ತಪ್ಪಿಸಿಕೊಳ್ಳಲಿಲ್ಲ. ಆದರೆ ಸೊಲ್ಲು ಮುಗಿಯುವವರೆಗೆ ನಿಂತೆ.

"ಗೀ ಗೀ" ಎಂದು ಎದ್ದದ್ದು ಗಂಡುದನಿಗಳು. ತುಂತುಣಿಯವನದು, ತಾಳದವನದು, ಕೊನೆಗೆ ಅವನದೇ ಒಡಕು ದನಿ. ಅವಳ ದನಿ ಅದರಲ್ಲಿರಲಿಲ್ಲ. ಎರಡನೆಯ ಸಲ ಸೊಲ್ಲು ತಿರುಗಿ ಬಂದಾಗಲೂ ಇರಲಿಲ್ಲ.

ಬಸ್ಸು ಹತ್ತಿ ನನ್ನ ಜಾಗದಲ್ಲಿ ಕೂತೆ. ಗಂಟಲು ಕಟ್ಟಿತ್ತೋ, ಸದಾಶಿವ ಪೇಠೆಯ ಪಾರಿವಾಳಗಳು ಕೂಗಿದವೋ, ತುಟಿ ಬಿಗಿದು ನಿಂತಿದ್ದಳೋ, ಅವಳನ್ನು ನಾನು ಕೇಳಿಲ್ಲ. ಅವಳೂ ಹೇಳಿಲ್ಲ.